ಮನೆಗುಂಪುಗಳಿಂದ ಸಭೆ ಬೆಳೆಯುತ್ತದೆಯೇ, ಒಡೆಯುತ್ತದೆಯೇ?

ನವನಗರದ ಸಭಾಸದಸ್ಯ, ಹುಬ್ಬಳ್ಳಿ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ನಮ್ಮ ಕ್ರೈಸ್ತ ಸಭೆಯ ಕುಟುಂಬಗಳು ಈಗ ಕೇಶ್ವಾಪುರ, ಗದಗ ರಸ್ತೆ, ಉಣಕಲ್, ನವನಗರ, ಅತ್ತ ಧಾರವಾಡದ ಸಪ್ತಾಪುರದವರೆಗೂ ಹರಡಿಕೊಂಡಿವೆ. ಭಾನುವಾರದ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎರಡು ಮಾತನಾಡಿ ಹೊರಟರೆ, ಮತ್ತೆ ಮುಖ ನೋಡುವುದು ಮುಂದಿನ ಭಾನುವಾರವೇ. ಇದನ್ನು ಗಮನಿಸಿದ ಸಭಾಪಾಲಕರು, ಬಡಾವಣೆಗೊಂದರಂತೆ ಮನೆಗಳಲ್ಲಿ ಚಿಕ್ಕ ಗುಂಪುಗಳನ್ನು ಆರಂಭಿಸಿ ವಾರಕ್ಕೊಮ್ಮೆ ವಾಕ್ಯಧ್ಯಾನ ಮತ್ತು ಪ್ರಾರ್ಥನೆ ನಡೆಸುವ ಪ್ರಸ್ತಾಪವನ್ನು ಸಮಿತಿಯ ಮುಂದೆ ಇಟ್ಟಿದ್ದಾರೆ.

ಸಮಿತಿಯಲ್ಲಿ ಒಮ್ಮತವಿಲ್ಲ. ಬುಧವಾರದ ಮನೆ ಪ್ರಾರ್ಥನೆ ನಡೆಯುತ್ತಲೇ ಇರುವಾಗ ಇನ್ನೊಂದು ಏಕೆ ಬೇಕು, ಬಡಾವಣೆವಾರು ಕೂಡಲು ಬಿಟ್ಟರೆ ನಾಳೆ ಸಭೆಯ ಚುನಾವಣೆಯಲ್ಲಿ ಬಡಾವಣೆವಾರು ಬಣಗಳೇ ಹುಟ್ಟಿಕೊಳ್ಳುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಿಶ್ವಾಸಿಯ ಆತ್ಮಿಕ ಬೆಳವಣಿಗೆಗೆ ಭಾನುವಾರದ ಪ್ರಸಂಗದಿಂದ ಆಗದ ಯಾವ ಕೆಲಸವನ್ನು ಇಂತಹ ಗುಂಪು ಮಾಡುತ್ತದೆ, ಯಾವಾಗ ಅದು ಮಾಡದೇ ಹೋಗುತ್ತದೆ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಬೆಟಗೇರಿಯ ನಿವೃತ್ತ ಶಿಕ್ಷಕಿ

ಸಹೋದರರೇ, ಇದು ಹೊರಗಿನಿಂದ ಬಂದ ಹೊಸ ಪದ್ಧತಿ ಎಂಬ ಭಾವನೆ ನಿಮ್ಮ ಹಿರಿಯರಲ್ಲಿ ಇದ್ದರೆ, ನಮ್ಮ ಸಭೆಗಳ ಚರಿತ್ರೆಯನ್ನೇ ಅವರ ಮುಂದಿಡಬಹುದು. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸೇವಾಸಂಸ್ಥೆಯಾದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದಿತು. ಆ ಮಿಶನರಿಗಳಲ್ಲಿ ಬಹುಪಾಲು ಜನ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ವೈಯಕ್ತಿಕ ಭಕ್ತಿಗೆ ಒತ್ತು ಕೊಟ್ಟ ಪಯಟಿಸ್ಟ್ ಚಳವಳಿಯ ಮನೆಕೂಟಗಳಲ್ಲಿ ಬೆಳೆದವರು. ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಸಭಾಪಾಲಕರು 1670ರಲ್ಲಿ ಫ್ರಾಂಕ್‌ಫರ್ಟಿನ ತಮ್ಮ ಮನೆಯಲ್ಲಿ ಇಂತಹ ಕೂಟವನ್ನು ಆರಂಭಿಸಿದ್ದರು. ಸಾಮಾನ್ಯ ಸಭಿಕರು ಪ್ರಸಂಗವನ್ನು ಕೇಳಿ ಎದ್ದು ಹೋಗುವುದಷ್ಟೇ ಅಲ್ಲ, ಸತ್ಯವೇದವನ್ನು ತಾವೇ ಓದಿ, ಸಂಶಯವಿದ್ದಲ್ಲಿ ಕೇಳಿ, ಒಬ್ಬರನ್ನೊಬ್ಬರು ತಿದ್ದಿಕೊಳ್ಳಬೇಕೆಂಬುದು ಅವರ ಆಶಯ. ನಿಮ್ಮ ಹಿರಿಯರ ಭಯವೂ ಅಷ್ಟೇ ಹಳೆಯದು: ಈ ಕೂಟಗಳಿಂದ ಸಭೆ ಒಡೆದೀತೆಂಬ ವಿವಾದ ಹಲವು ದಶಕ ನಡೆದು, ಕೊನೆಗೆ 1743ರಲ್ಲಿ ವ್ಯುರ್ಟೆಂಬರ್ಗ್ ಸರ್ಕಾರವು ಕೆಲವು ಷರತ್ತುಗಳೊಂದಿಗೆ ಅವುಗಳಿಗೆ ಅನುಮತಿ ನೀಡಿತು. ಸಭಾಪಾಲಕರಿಗೆ ತಿಳಿದೇ ಕೂಟ ನಡೆಯಬೇಕೆಂಬುದು ಆ ಷರತ್ತುಗಳಲ್ಲಿ ಒಂದು. ಇವತ್ತಿಗೂ ಅದಕ್ಕಿಂತ ಒಳ್ಳೆಯ ನಿಯಮ ನನಗೆ ತೋಚುವುದಿಲ್ಲ.

ಇಂಗ್ಲೆಂಡಿನ ಮೆಥಡಿಸ್ಟರ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. 1742ರಲ್ಲಿ ಬ್ರಿಸ್ಟಲ್ ನಗರದ ಪ್ರಾರ್ಥನಾ ಮಂದಿರದ ಸಾಲ ತೀರಿಸಲು, ಪ್ರತಿಯೊಬ್ಬ ಸದಸ್ಯ ವಾರಕ್ಕೆ ಒಂದು ಪೆನ್ನಿ ಕೊಡಬೇಕೆಂದೂ, ಸುಮಾರು ಹನ್ನೆರಡು ಜನರ ವಂತಿಗೆ ಎತ್ತುವ ಹೊಣೆ ಒಬ್ಬನದೆಂದೂ ತೀರ್ಮಾನವಾಯಿತು. ವಂತಿಗೆ ಎತ್ತಲು ಮನೆಮನೆಗೆ ಹೋದವರಿಗೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರ ಮನೆಯಲ್ಲಿ ಜಗಳ ನಿಂತಿಲ್ಲ ಎಂಬುದು ಕಣ್ಣಿಗೆ ಬಿತ್ತು. ಮೆಥಡಿಸ್ಟರ ನಾಯಕ ಜಾನ್ ವೆಸ್ಲಿ ಅದರ ಬೆಲೆಯನ್ನು ತಕ್ಷಣ ಗ್ರಹಿಸಿ, ಅದೇ ಹನ್ನೆರಡು ಜನರನ್ನು ವಾರಕ್ಕೊಮ್ಮೆ ಕೂಡಿಸಿ, ಪ್ರತಿಯೊಬ್ಬರ ಆತ್ಮಿಕ ಸ್ಥಿತಿಯನ್ನು ವಿಚಾರಿಸುವ ವ್ಯವಸ್ಥೆಯನ್ನಾಗಿ ಮಾರ್ಪಡಿಸಿದರು. ಹಣಕ್ಕಾಗಿ ಹೊರಟದ್ದು ಆತ್ಮಗಳ ಕಾಳಜಿಯಾಗಿ ಪರಿಣಮಿಸಿತು. (ನಮ್ಮ ಕಡೆ ಎಷ್ಟೋ ಸಲ ಇದರ ಉಲ್ಟಾ ಆಗುತ್ತದೆ, ಅದು ಬೇರೆ ಮಾತು.)

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಪ್ರಸಂಗಪೀಠದಿಂದ ಸಭಾಪಾಲಕರು ಕ್ಷಮೆಯ ಕುರಿತು ಎಷ್ಟೇ ಚೆನ್ನಾಗಿ ಬೋಧಿಸಿದರೂ, ಕೇಳಿದವನು ಕ್ಷಮಿಸಿದನೋ ಇಲ್ಲವೋ ಎಂದು ಮರುವಾರ ಕೇಳುವವರು ಯಾರೂ ಇರುವುದಿಲ್ಲ. ನಮ್ಮ ಓಣಿಯ ಗುಂಪಿನಲ್ಲಿ ಒಮ್ಮೆ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಬರುವ, ತನ್ನ ದೊಡ್ಡ ಸಾಲ ಮನ್ನಾ ಆದರೂ ಜೊತೆಯ ಆಳಿನ ಚಿಕ್ಕ ಸಾಲವನ್ನು ಬಿಡದ ಸೇವಕನ ಸಾಮ್ಯವನ್ನು ಓದುತ್ತಿದ್ದೆವು. ಓದು ಮುಗಿದ ಮೇಲೆ ಒಬ್ಬ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದವರು, ಮನೆಯ ಪಾಲಾದಂದಿನಿಂದ ತಮ್ಮ ತಂಗಿಯೊಡನೆ ಮಾತು ಬಿಟ್ಟಿರುವುದಾಗಿ ಹೇಳಿದರು. ಯಾರೂ ಉಪದೇಶಕ್ಕೆ ಇಳಿಯಲಿಲ್ಲ. ಗುಂಪಿನ ಮುಂದಾಳು ಅವರಿಗಾಗಿ ಪ್ರಾರ್ಥಿಸಿದರು, ಮುಂದಿನ ವಾರ ಚಪ್ಪಲಿ ಬಿಡುವ ಜಾಗದಲ್ಲಿಯೇ, “ಅಕ್ಕಾರ, ಫೋನ್ ಹಚ್ಚಿದ್ರೇನ್ರಿ?” ಎಂದು ಮೆಲ್ಲಗೆ ಕೇಳಿದರು. ಹಚ್ಚಿರಲಿಲ್ಲ. ಅದರ ಮುಂದಿನ ವಾರವೂ ಕೇಳಿದರು. ತಂಗಿಯ ಮಗಳ ಮದುವೆಗೆ ಆ ತಾಯಿ ಹೋಗಿಬಂದದ್ದು ಎಷ್ಟೋ ತಿಂಗಳ ನಂತರ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರಿ ಎಂದು ಹೇಳುವುದು ನಡೆಯಬೇಕಾದರೆ, ಭಾರ ಯಾವುದೆಂದು ತಿಳಿಯುವಷ್ಟು ಹತ್ತಿರ ಕುಳಿತಿರಬೇಕು. ಇನ್ನೂರು ಜನರ ನಡುವೆ ಅದು ಸಾಧ್ಯವಾಗುವುದಿಲ್ಲ.

ಬುಧವಾರದ ಮನೆ ಪ್ರಾರ್ಥನೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ವಾರಕ್ಕೊಂದು ಮನೆ, ವಾರಕ್ಕೊಂದು ಬಗೆಯ ಜನ, ಎರಡು ಸಂಗೀತ, ಒಂದು ಸಂದೇಶ, ಚುರುಮರಿ, ಚಹಾ. ಅದೂ ಬೇಕು, ಆದರೆ ಅಲ್ಲಿ ಯಾರೂ ಯಾರನ್ನೂ ಮುಂದಿನ ವಾರ ಕೇಳುವುದಿಲ್ಲ.

ಧಾರವಾಡದ ಓದುಗ

ಶಿಕ್ಷಕಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಾನು ಕಂಡ ಗುಂಪುಗಳು ಹಾಳಾದದ್ದು ಬಹುತೇಕ ಒಂದೇ ಕಾರಣದಿಂದ: ಮುಂದಾಳು ಎರಡನೆಯ ಪ್ರಸಂಗಿಯಾಗಿಬಿಡುತ್ತಾನೆ. ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಅವನೇ ಮಾತನಾಡಿದರೆ, ಉಳಿದವರು ಭಾನುವಾರದ ಬೆಂಚಿನಲ್ಲಿ ಕುಳಿತಂತೆಯೇ ಕುಳಿತಿರುತ್ತಾರೆ. ಸಾಲದ್ದಕ್ಕೆ, ಕೆಲವು ತಿಂಗಳಲ್ಲಿ ತನಗೂ ಒಂದು ಸಭೆ ಇರಬಾರದೇಕೆ ಎಂಬ ವಿಚಾರ ಅವನ ತಲೆಗೆ ಬರುತ್ತದೆ. ಆದ್ದರಿಂದ ಚೆನ್ನಾಗಿ ಮಾತನಾಡುವವರನ್ನು ಬಿಟ್ಟು, ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ಆರಿಸಿ. ಅವರನ್ನು ಸಭಾಪಾಲಕರು ತಿಂಗಳಿಗೊಮ್ಮೆ ಒಟ್ಟಿಗೆ ಕೂಡಿಸಿಕೊಂಡು ಮುಂದಿನ ಅಧ್ಯಾಯಗಳನ್ನು ಓದಿಸಲಿ. ಮೋಶೆಯ ಮಾವನಾದ ಇತ್ರೋನನು ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಹೇಳಿಕೊಟ್ಟದ್ದೂ ಅದನ್ನೇ: ಚಿಕ್ಕ ಸಂಗತಿಗಳನ್ನು ಹತ್ತು ಜನರ ಮೇಲಿನವನು ನೋಡಿಕೊಳ್ಳಲಿ, ಕಠಿಣವಾದದ್ದು ಮೋಶೆಯ ಬಳಿಗೆ ಬರಲಿ.

ಗುಂಪಿನೊಳಗೆ ಚೀಟಿ ವ್ಯವಹಾರ, ಕೈಗಡ, ಪಾಲಿಸಿ ಮಾರಾಟ ಯಾವುದೂ ಬೇಡ ಎಂದು ಮೊದಲ ದಿನವೇ ಹೇಳಿಬಿಡಿ.

ಹುಬ್ಬಳ್ಳಿಯ ಕಥೋಲಿಕ ಓದುಗ

ನಾನು ಬೇರೆ ಪರಂಪರೆಯವನಾದರೂ, ಮಾತಿನ ಮಲ್ಲರನ್ನು ಹಿಡಿತದಲ್ಲಿಡುವ ಒಂದು ಕ್ರಮ ನಮ್ಮಲ್ಲಿರುವುದರಿಂದ ಬರೆಯುತ್ತಿದ್ದೇನೆ. ದಕ್ಷಿಣ ಆಫ್ರಿಕಾದ ಕಥೋಲಿಕ ತರಬೇತಿ ಸಂಸ್ಥೆಯಾದ ಲುಮ್ಕೊ ರೂಪಿಸಿದ ಏಳು ಹೆಜ್ಜೆಗಳ ಸುವಾರ್ತಾ ಹಂಚಿಕೆಯನ್ನು ಅನೇಕ ದೇಶಗಳ ಕಿರು ಕ್ರೈಸ್ತ ಸಮುದಾಯಗಳಲ್ಲಿ ಅನುಸರಿಸುತ್ತಾರೆ. ಮೊದಲು ಪ್ರಭುವನ್ನು ಆಹ್ವಾನಿಸುವ ಪ್ರಾರ್ಥನೆ, ನಂತರ ಪಾಠದ ಓದು. ಆಮೇಲೆ ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ತಾಕಿದ ಒಂದು ಪದವನ್ನೋ ಸಾಲನ್ನೋ, ಯಾವ ವಿವರಣೆಯೂ ಇಲ್ಲದೆ, ಗಟ್ಟಿಯಾಗಿ ಉಚ್ಚರಿಸುತ್ತಾರೆ. ಅದಾದ ಮೇಲೆ ಕೆಲವು ನಿಮಿಷ ಮೌನ. ಐದನೆಯ ಹೆಜ್ಜೆಯಲ್ಲಿ ಮನಸ್ಸಿಗೆ ಬಂದದ್ದನ್ನು ಹಂಚಿಕೊಳ್ಳುವಾಗ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಚರ್ಚೆಗೆ ಎಳೆಯುವಂತಿಲ್ಲ, ಬೋಧನೆಯನ್ನೂ ಮಾಡುವಂತಿಲ್ಲ. ಆರನೆಯದು ನಮ್ಮ ಓಣಿಯಲ್ಲಿ ಈ ವಾರ ಏನು ಮಾಡಬೇಕು ಎಂಬ ತೀರ್ಮಾನ: ಆಸ್ಪತ್ರೆಯಲ್ಲಿರುವವರಿಗೆ ಊಟ ಒಯ್ಯುವವರು ಯಾರು, ಶಾಲೆ ಬಿಟ್ಟ ಹುಡುಗನನ್ನು ಮಾತನಾಡಿಸುವವರು ಯಾರು. ಏಳನೆಯದು ಪ್ರಾರ್ಥನೆ.

ಆ ಮೂರನೆಯ ಹೆಜ್ಜೆಯ ಉಪಕಾರವನ್ನು ಕೂತು ನೋಡಿದವರೇ ಬಲ್ಲರು. ಬಾಯಿ ತೆರೆಯಲು ಸಂಕೋಚಪಡುವ ಅಜ್ಜಿಯೂ ಒಂದು ಸಾಲನ್ನು ಹೇಳಬಲ್ಲರು. ಓದು ಬಾರದವರೂ ಕಿವಿಗೆ ಬಿದ್ದ ಮಾತನ್ನು ನೆನಪಿನಿಂದ ಹೇಳುತ್ತಾರೆ.

ನವನಗರದ ಸಭಾಸದಸ್ಯ, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಸಭಾಪಾಲಕರಿಗೆ ತಿಳಿದೇ ನಡೆಯಬೇಕೆಂಬ ನಿಯಮವನ್ನೂ ಮುಂದಾಳುಗಳ ಮಾಸಿಕ ಕೂಟವನ್ನೂ ಸಮಿತಿಯ ಮುಂದೆ ಇಡುತ್ತೇನೆ. ಇನ್ನೊಂದು ಸಂಗತಿ ಉಳಿದಿದೆ: ಗಂಡಸರು ಪಾಳಿ ಕೆಲಸದಲ್ಲಿ, ವರ್ಗಾವಣೆಯಲ್ಲಿ ಇರುವುದರಿಂದ, ಪ್ರತಿವಾರ ಸಿಗುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಅವರು ಸ್ತ್ರೀಯರು ಮಾತ್ರವಲ್ಲದೆ ಗಂಡಸರೂ ಇರುವ ಗುಂಪನ್ನು ನಡೆಸಬಹುದೇ ಎಂಬ ತಕರಾರು ಬಂದೇ ಬರುತ್ತದೆ.

ಹಾವೇರಿ ಸೀಮೆಯ ಸುವಾರ್ತಿಕ

ತಕರಾರು ಎತ್ತುವವರಿಗೆ ಅಪೊಸ್ತಲರ ಕೃತ್ಯಗಳು 18:26ನ್ನು ಓದಿಸಿರಿ. ಅಪೊಲ್ಲೋಸನು ವಾಕ್ಚಾತುರ್ಯವುಳ್ಳವನು, ಶಾಸ್ತ್ರಗಳಲ್ಲಿ ಪ್ರವೀಣ. ಅಂಥವನನ್ನು ಪ್ರಿಸ್ಕಿಲ್ಲಳೂ ಆಕೆಯ ಗಂಡ ಅಕ್ವಿಲನೂ ಜೊತೆಗೆ ಕರೆದುಕೊಂಡು ಹೋಗಿ, ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಎಲ್ಲರೆದುರು ಎದ್ದು ನಿಂತು ತಿದ್ದಲಿಲ್ಲ. ಇದೇ ದಂಪತಿಯ ಮನೆಯಲ್ಲಿ ಸಭೆ ಕೂಡುತ್ತಿತ್ತೆಂದು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿದೆ.

ದಕ್ಷಿಣ ಕೊರಿಯಾದ ಸೋಲ್ ನಗರದ ಯೊಯಿಡೊ ಸಭೆಯ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಅಲ್ಲಿನ ಪಾಸ್ಟರ್ ಆಗಿದ್ದ ಯೊಂಗಿ ಚೋ 1964ರಲ್ಲಿ ದಣಿವಿನಿಂದ ಕುಸಿದುಬಿದ್ದ ನಂತರ, ಮನೆಗುಂಪುಗಳ ಹೊಣೆಯನ್ನು ಬಹುಪಾಲು ಸ್ತ್ರೀಯರಿಗೆ ವಹಿಸಿದರು. ಸಭೆ ಲಕ್ಷಗಟ್ಟಲೆ ಬೆಳೆಯಿತು. ಆದರೆ ಸಭೆಗೆ ಹಣಕಾಸಿನ ನಷ್ಟ ಉಂಟುಮಾಡಿದ ಪ್ರಕರಣದಲ್ಲಿ 2014ರಲ್ಲಿ ನ್ಯಾಯಾಲಯವು ಅದೇ ಪಾಸ್ಟರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು ಎಂಬುದನ್ನೂ ಹೇಳಬೇಕು. ಹೆಣ್ಣುಮಕ್ಕಳ ಮುಂದಾಳುತನಕ್ಕೆ ಆ ಸಭೆ ಒಳ್ಳೆಯ ಸಾಕ್ಷಿ. ಸಂಖ್ಯೆಯನ್ನೇ ಬೆಳವಣಿಗೆ ಎಂದುಕೊಳ್ಳುವವರಿಗೆ ಅಲ್ಲ. ಮನೆಯಲ್ಲಿ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುವ ರೂಢಿ ಮೇಲಿನವರಿಗೂ ಅನ್ವಯಿಸಬೇಕು.

ನಮ್ಮ ಹಳ್ಳಿಗಳಲ್ಲಿ ಸಭಾಪಾಲಕರು ಪ್ರತಿ ಭಾನುವಾರ ಬರಲಾಗುವುದಿಲ್ಲ. ಎಷ್ಟೋ ಕಡೆ ಗುಂಪೇ ಸಭೆ. ಆದ್ದರಿಂದ ನಗರದವರಿಗೆ ನಾನು ಹೇಳುವುದು ವ್ಯವಹಾರದ ಮಾತು ಮಾತ್ರ. ಸಮಯವನ್ನು ಕೆಲಸಕ್ಕೆ ಹೊಂದಿಸಿರಿ. ಇಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ನಾವು ಸಂಜೆಯ ಕೂಟವನ್ನು ರಾತ್ರಿಯ ಊಟದ ನಂತರಕ್ಕೆ ತಳ್ಳುತ್ತೇವೆ. ನಿಮ್ಮಲ್ಲಿ ಪಾಳಿಯವರಿಗಾಗಿ ಒಂದು ಗುಂಪನ್ನಾದರೂ ಬೆಳಗಿನ ಹೊತ್ತು ಇಡಬೇಕಾದೀತು. ಮೈಕು ಬೇಡ, ಪಕ್ಕದ ಮನೆಯವರಿಗೂ ನಿದ್ದೆ ಇದೆ, ಅವರ ಮಕ್ಕಳಿಗೂ ಪರೀಕ್ಷೆ ಇದೆ. ಚಹಾ ಬಿಟ್ಟು ಬೇರೇನನ್ನೂ ಮಾಡಬಾರದೆಂದು ಕಟ್ಟುನಿಟ್ಟು ಮಾಡಿರಿ, ಇಲ್ಲವಾದರೆ ಒಂದು ಮನೆಯಲ್ಲಿ ಮಿರ್ಚಿ ಭಜಿ, ಇನ್ನೊಂದರಲ್ಲಿ ಪಲಾವ್ ಆಗಿ, ಕೊನೆಗೆ ಬಡವರು ತಮ್ಮ ಮನೆಗೆ ಕರೆಯಲು ಹಿಂಜರಿಯುತ್ತಾರೆ. ಹದಿನೈದು ಜನ ದಾಟಿದರೆ ಎರಡು ಮಾಡಿರಿ, ಅದನ್ನು ಸಭಾಪಾಲಕರೇ ಬಂದು ಮಾಡಲಿ.

ಗುಂಪಿನಲ್ಲಿ ಕೇಳಿದ ಮನೆಮಾತು ಹೊರಗೆ ಹೋದರೆ ಹೋದವಾರ ಅತ್ತವರು ಈ ವಾರ ಬರುವುದಿಲ್ಲ. ಹಾಗಾದಾಗ ಮುಂದಾಳು ಅಂದೇ ಅವರ ಮನೆಗೆ ಹೋಗಿ ಕ್ಷಮೆ ಕೇಳಬೇಕು, ಮಾತು ಹೊರಗೆ ಹಾಕಿದವರನ್ನೂ ಜೊತೆಗೆ ಕರೆದೊಯ್ಯಬೇಕು.