ನೊರೆ ಉಕ್ಕುತ್ತದೆ, ಬಾಯಿಗೆ ಮಾತ್ರ ನೀರು ನೀರು: ಮನೆಯ ಬಿಯರಿಗೆ ಏನು ಮಾಡಲಿ?

ಪ್ರಶ್ನೆ (ರಾಜಾಜಿನಗರ): ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 66 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ 20 ಲೀಟರ್ ಬಿಯರ್ ಮಾಡಿದೆ. ಬಾಟಲಿಗೊಂದು ಚಮಚ ಸಕ್ಕರೆ ಹಾಕಿ ಮುಚ್ಚಿದ್ದೆ. ಕೆಲವು ತೆರೆದ ಕೂಡಲೇ ಉಕ್ಕುತ್ತವೆ, ಕೆಲವು ಸಪ್ಪೆ. ಯಾವುದನ್ನು ಕುಡಿದರೂ ತೆಳು. ಅನುಭವವಿರುವವರು ದಯವಿಟ್ಟು ತಿಳಿಸಿ.

ಬಸವನಗುಡಿಯಿಂದ: ಇವು ಎರಡು ಬೇರೆ ತೊಂದರೆಗಳು ಸರ್. ಮೊದಲು ಗುಳ್ಳೆಯ ವಿಷಯ. ಚಮಚ ಬಿಟ್ಟು ತಕ್ಕಡಿ ಹಿಡಿಯಿರಿ. 20 ಲೀಟರಿಗೆ 120 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಆರಿಸಿ, ಖಾಲಿ ಪಾತ್ರೆಗೆ ಸುರಿಯುತ್ತೇನೆ. ಅದರ ಮೇಲೆ ಬಿಯರನ್ನು ಕೊಳವೆಯಿಂದ ನಿಧಾನವಾಗಿ ಇಳಿಸಿ ಹಗುರವಾಗಿ ಕಲಕುತ್ತೇನೆ. ಆಗ ಎಲ್ಲ ಬಾಟಲಿಗೂ ಒಂದೇ ಪ್ರಮಾಣ. ಹುದುಗುವುದು ಮುಗಿಯಿತೆಂದು ತಾರೀಖು ನೋಡಿ ನಿರ್ಧರಿಸಬೇಡಿ, ಹೈಡ್ರೋಮೀಟರ್ (ಬಿಯರಿನ ಸಾಂದ್ರತೆ ಅಳೆಯುವ ಉಪಕರಣ) ಮೂರು ದಿನ ಒಂದೇ ಅಂಕಿ ತೋರಿಸಬೇಕು. ಒಂದು ಏಪ್ರಿಲ್‌ನಲ್ಲಿ ನಾನು ಅವಸರಪಟ್ಟೆ. ನಡುರಾತ್ರಿ ಎರಡು ಬಾಟಲಿ ಸಿಡಿದು ಗಾಜಿನ ಚೂರು ಅಕ್ಕಿ ಡಬ್ಬದವರೆಗೆ ಹಾರಿತ್ತು. ಅಂದಿನಿಂದ ಬಾಟಲಿಗಳನ್ನು ಮುಚ್ಚಳವಿರುವ ಗಟ್ಟಿ ಪೆಟ್ಟಿಗೆಯಲ್ಲೇ ಇಡುತ್ತೇನೆ. ಬಾಟಲಿಯಲ್ಲಿ ಗುಳ್ಳೆ ಕೂಡಲು ಡಿಸೆಂಬರ್ ಚಳಿಯಲ್ಲಿ ಎರಡು ವಾರ ಸಾಲದು, ಮೂರು ಬೇಕು. ಕುಡಿಯುವ ಮುನ್ನ ಎರಡು ದಿನ ಫ್ರಿಜ್‌ನಲ್ಲಿರಲಿ. ತಣ್ಣಗಾದಷ್ಟೂ ಅನಿಲ ಬಿಯರಿನಲ್ಲಿ ಚೆನ್ನಾಗಿ ಕರಗುತ್ತದೆ.

ಮಲ್ಲೇಶ್ವರದಿಂದ: ತೆಳುತನಕ್ಕೆ ಮಾಲ್ಟ್ ನೆನೆಸಿದ ಬಿಸಿಯೇ ಕಾರಣವಿರಬಹುದು. 63ರ ಆಸುಪಾಸಿನಲ್ಲಿ ಪಿಷ್ಟದ ಹೆಚ್ಚಿನ ಪಾಲು ಈಸ್ಟ್ ತಿನ್ನಬಲ್ಲ ಸಕ್ಕರೆಯಾಗುತ್ತದೆ, ಕೊನೆಗೆ ಹೆಚ್ಚೇನೂ ಉಳಿಯುವುದಿಲ್ಲ. 68ರಲ್ಲಿ ಈಸ್ಟಿಗೆ ದಕ್ಕದ ಡೆಕ್ಸ್ಟ್ರಿನ್ (ಪೂರ್ತಿ ಸಕ್ಕರೆಯಾಗದ ಪಿಷ್ಟದ ತುಣುಕುಗಳು) ಹೆಚ್ಚು ಉಳಿದು ಬಾಯಿ ತುಂಬುತ್ತದೆ. ನಿಮ್ಮ 66 ನಿಜವಾದ 66 ಆಗಿದ್ದರೆ ಇಷ್ಟು ತೆಳುವಾಗಬಾರದಿತ್ತು. ಥರ್ಮಾಮೀಟರ್ ಪರೀಕ್ಷಿಸಿದ್ದೀರಾ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರಿನಲ್ಲಿ 97 ಕಂಡು, ಉಪಕರಣವೇ ಮೂರು ಡಿಗ್ರಿ ಕಡಿಮೆ ತೋರಿಸುತ್ತಿದೆಯೆಂದು ನಾನು ವರ್ಷವಿಡೀ ತಪ್ಪು ಲೆಕ್ಕ ಹಾಕಿದೆ. ಅದು 63 ತೋರಿಸಿದಾಗ 66 ಎಂದುಕೊಂಡು ಮಾಡಿದ್ದೆಲ್ಲ ತೆಳುವಾಯಿತು. ಪುಡಿಮಾಡಿದ ಐಸ್ ನೀರಿನಲ್ಲಿ ಸೊನ್ನೆ ಬರುತ್ತದೆಯೇ ಎಂದೂ ನೋಡಿ. ಮಾಲ್ಟಿನ ಹತ್ತನೇ ಒಂದು ಪಾಲು ಅಂಗಡಿಯ ಓಟ್ಸ್ ಸೇರಿಸಿದರೆ ಇನ್ನೂ ನುಣುಪು.

ಜಯನಗರದಿಂದ: ಪ್ರತಿ ಸಲ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿಸಿಡಿ. ಒತ್ತಿದಾಗ ಅದು ಕಲ್ಲಿನಂತಿದ್ದರೆ ಅನಿಲ ತುಂಬಿದೆ ಎಂದರ್ಥ, ಉಳಿದವನ್ನು ಫ್ರಿಜ್‌ಗೆ ಸೇರಿಸಿ.

ಪ್ರಶ್ನೆ ಕೇಳಿದವರು: ಈಗಷ್ಟೇ ನೀರು ಕುದಿಸಿ ನೋಡಿದೆ. ನನ್ನ ಥರ್ಮಾಮೀಟರ್ ಸರಿಯಾಗಿ 100 ತೋರಿಸುತ್ತಿದೆ. ಅಂದರೆ ನನ್ನ 66 ನಿಜದಲ್ಲಿ 63! ಭಾನುವಾರ ಹೊಸದನ್ನು ತಂದು ಮತ್ತೆ ಮಾಡುತ್ತೇನೆ.