ಬಿ.ಬಿ. ಕಿಂಗ್ ಅವರಂತೆ ಒಂದೇ ಸ್ವರದಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡುವುದು ಹೇಗೆ?

ತಂತಿನಾದ (ಮಂಡ್ಯ):
ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಗಿಟಾರ್ ವಾದಕ ಬಿ.ಬಿ. ಕಿಂಗ್ (1925–2015) ತಮಗೆ ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ) ನುಡಿಸುವುದು ಚೆನ್ನಾಗಿ ಬರುವುದಿಲ್ಲವೆಂದೂ, ಹಾಡುತ್ತಲೇ ನುಡಿಸುವುದು ಸಾಧ್ಯವಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಬಂಧುವಾದ ಬುಕ್ಕಾ ವೈಟ್ ಸ್ಲೈಡ್‌ನಿಂದ (ತಂತಿಯ ಮೇಲೆ ಜಾರಿಸುವ ಕೊಳವೆಯಂಥ ಸಾಧನ) ಹೊರಡಿಸುತ್ತಿದ್ದ ನಾದ ತಮಗೆ ಒಲಿಯದಿದ್ದಾಗ, ಬರಿಯ ಬೆರಳನ್ನೇ ತಂತಿಯ ಮೇಲೆ ಕಂಪಿಸಿ ಅದರ ಹತ್ತಿರ ಹೋಗಲು ಯತ್ನಿಸಿದರು. ಮುಂದೆ ಅದೇ ಅವರ ಹೆಗ್ಗುರುತಾಯಿತು. ನನ್ನ ಕೈ ವೇಗವಾಗಿ ಓಡುತ್ತದೆ, ಆದರೆ ಒಂದು ಸ್ವರದ ಮೇಲೆ ನಿಂತರೆ ಅದು ಪೇಲವವಾಗಿ ಕೇಳಿಸುತ್ತದೆ. ಇದಕ್ಕೆ ಅಭ್ಯಾಸದ ಕ್ರಮವೊಂದು ಇದೆಯೇ, ಇಲ್ಲವೇ ಅದು ಬದುಕಿನಿಂದಲೇ ಬರಬೇಕೇ?

ಮೆಟ್ಟಿಲು24 (ಮೈಸೂರು):
ಕ್ರಮ ಖಂಡಿತ ಇದೆ ಸರ್. ನಾನು ವೀಣೆ ಕಲಿತವಳು. ಗಿಟಾರ್ ಹಿಡಿದದ್ದು ಆಮೇಲೆ. ಮೂರನೆಯ ತಂತಿಯ ಏಳನೇ ಫ್ರೆಟ್‌ನಲ್ಲಿ (ವೀಣೆಯ ಮೆಟ್ಟಿಲಿನಂಥ ಪಟ್ಟಿ) ಉಂಗುರದ ಬೆರಳಿಟ್ಟು, ಹಿಂದೆ ಇನ್ನೆರಡು ಬೆರಳುಗಳ ಆಸರೆ ಕೊಟ್ಟು, ಒಂಬತ್ತನೇ ಫ್ರೆಟ್‌ನ ಸ್ವರ ಬರುವವರೆಗೆ ತಂತಿಯನ್ನು ತಳ್ಳಿರಿ. ಆದರೆ ಮೊದಲು ಆ ಸ್ವರವನ್ನು ಬಾಯಲ್ಲಿ ಹಾಡಿಕೊಳ್ಳಿರಿ, ಏಕೆಂದರೆ ಎಲ್ಲಿ ನಿಲ್ಲಬೇಕೆಂಬುದು ಬೆರಳಿಗಿಂತ ಮುಂಚೆ ಕಿವಿಗೆ ತಿಳಿದಿರಬೇಕು. ಸ್ವರವನ್ನು ತೂಗಿ ಎಳೆಯುವ ನಮ್ಮ ಗಮಕದ ಪಾಠವೂ ಇದೇ. ಬ್ಲೂಸ್‌ನ ಐದು ಸ್ವರಗಳ ಮೈನರ್ ಸ್ಕೇಲ್ ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳೇ ಆಗಿರುವುದರಿಂದ ಕಿವಿಗೆ ಪರಿಚಿತವೆನಿಸುತ್ತದೆ. ಆದರೆ ಆ ಹೋಲಿಕೆಯನ್ನು ಬಹುದೂರ ಎಳೆಯಬಾರದು. ಬ್ಲೂಸ್‌ನಲ್ಲಿ ಕೆಳಗೆ ಮೇಜರ್ ಕಾರ್ಡ್ ನುಡಿಯುತ್ತಿರುವಾಗ ಮೇಲಿನ ಗಾಂಧಾರವು ತಗ್ಗಿನ ಸಾಧಾರಣ ಗಾಂಧಾರಕ್ಕೂ ಎತ್ತರದ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಮತ್ತು ಅದರ ಸಂಕಟವೆಲ್ಲ ಆ ನಡುವಿನಲ್ಲೇ ಇದೆ. ಐದನೇ ಫ್ರೆಟ್‌ನಲ್ಲಿ ಅದೇ ಮೂರನೆಯ ತಂತಿಯನ್ನು ಕೂದಲೆಳೆಯಷ್ಟು ತಳ್ಳಿ ನೋಡಿದರೆ ನಿಮಗೇ ತಿಳಿಯುತ್ತದೆ.

ಸೊಲ್ಲು (ಮಳವಳ್ಳಿ):
ಮೇಲಿನ ಮಾತಿಗೆ ನನ್ನದೂ ಒಪ್ಪಿಗೆಯಿದೆ. ಕಿಂಗ್ ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದರು, ಉತ್ತರವನ್ನು ಅವರ ಗಿಟಾರ್ ಹೇಳುತ್ತಿತ್ತು. ನಮ್ಮ ಕಡೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರಲ್ಲಿ ಮುಖ್ಯ ಗಾಯಕರ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಳ್ಳುವುದನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಆದ್ದರಿಂದ ನೀವೂ ಒಂದು ಸಾಲು ಹಾಡಿ, ಉಸಿರು ತೆಗೆದುಕೊಂಡು, ಅಷ್ಟೇ ಉದ್ದದ ಉತ್ತರವನ್ನು ನುಡಿಸಿರಿ. ಬದುಕಿನ ವಿಚಾರ ಕೇಳಿದಿರಿ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹತ್ತಿ ಹೊಲಗಳಲ್ಲಿ ದುಡಿದ ಕಿಂಗ್ ಅಲ್ಲಿನ ಇಂಡಿಯನೋಲಾ ಪಟ್ಟಣದ ಬೀದಿಮೂಲೆಯಲ್ಲಿ ಭಕ್ತಿಗೀತೆ ಹಾಡಿದಾಗ ಜನ ಬೆನ್ನು ತಟ್ಟಿ ಹೋಗುತ್ತಿದ್ದರಂತೆ, ಬ್ಲೂಸ್ ಹಾಡಿದಾಗ ಕಾಸು ಕೊಡುತ್ತಿದ್ದರಂತೆ. 1956ರಲ್ಲಿ ಅವರು ಕೊಟ್ಟ ಕಾರ್ಯಕ್ರಮಗಳು 342. ನೋವಿನ ಜೊತೆಗೆ ದಿನದಿನದ ದುಡಿಮೆಯೂ ಆ ಸ್ವರದಲ್ಲಿದೆ ಎಂದು ನಾನು ನಂಬುತ್ತೇನೆ.

ತಂತಿನಾದ (ಮಂಡ್ಯ):
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ಗಿಟಾರಿನಲ್ಲಿ 11ರ ದಪ್ಪದ ತಂತಿಗಳಿವೆ, ಇನ್ನೂ ತೆಳುವಾದ 10ಕ್ಕೆ ಇಳಿಯಬಹುದೇ?

ಮೆಟ್ಟಿಲು24 (ಮೈಸೂರು):
ಧಾರಾಳವಾಗಿ ಇಳಿಯಿರಿ. ತಂತಿ ತೆಳುವಾದಷ್ಟೂ ತಳ್ಳುವುದು ಹಗುರವಾಗುತ್ತದೆ, ಆದರೆ ಸ್ವರ ಮೀರಿ ಹೋಗುವುದೂ ಸುಲಭ. ಆದ್ದರಿಂದ ಮೊದಲ ಕೆಲವು ವಾರ ಶ್ರುತಿ ತೋರಿಸುವ ಟ್ಯೂನರ್ ಪಕ್ಕದಲ್ಲಿರಲಿ.