ಪಿ53 ಬ್ಲಾಟ್‌ನಲ್ಲಿ ಚೆನ್ನಾಗಿ ಕಾಣುತ್ತೆ, ಡಿಎನ್ಎ ಮಾತ್ರ ಹಿಡಿಯುತ್ತಿಲ್ಲ

ಮೊಗ್ಗು_21:
ಎಲ್ಲರಿಗೂ ನಮಸ್ಕಾರ. ಆರು ವಾರದಿಂದ ಒಂದೇ ಜಾಗದಲ್ಲಿ ನಿಂತುಬಿಟ್ಟಿದ್ದೇನೆ, ದಯವಿಟ್ಟು ನೋಡಿ ಹೇಳಿ.

ಮನುಷ್ಯರ ಪಿ53 (ಡಿಎನ್ಎ ಹಿಡಿದು ಜೀನ್‌ಗಳನ್ನು ಚಾಲೂ ಮಾಡುವ, ಕ್ಯಾನ್ಸರ್ ತಡೆಯುವ ಪ್ರೋಟೀನು), ಪೂರ್ತಿ 393 ಅಮೈನೋ ಆಮ್ಲ, ಎನ್-ತುದಿಗೆ ಆರು ಹಿಸ್ಟಿಡಿನ್ ಟ್ಯಾಗ್. ಇ. ಕೋಲೈ ಬಿಎಲ್21 ತಳಿಯಲ್ಲಿ 37 ಡಿಗ್ರಿ, 1 ಮಿಲಿಮೋಲಾರ್ ಐಪಿಟಿಜಿ (ಪ್ರೋಟೀನು ತಯಾರಿಕೆ ಶುರು ಮಾಡಿಸುವ ರಾಸಾಯನಿಕ), ನಾಲ್ಕು ಗಂಟೆ ಬೆಳೆಸಿದೆ. ಬಹುಪಾಲು ಕರಗದೆ ಪೆಲೆಟ್‌ಗೆ ಹೋಯ್ತು, ಕರಗಿದ್ದಷ್ಟನ್ನು ನಿಕಲ್ ಕಾಲಂನಿಂದ 250 ಮಿಲಿಮೋಲಾರ್ ಇಮಿಡಜೋಲ್ ಹಾಕಿ ಇಳಿಸಿಕೊಂಡೆ. ರಾತ್ರಿಯಿಡೀ ಡಯಾಲಿಸಿಸ್: ಟ್ರಿಸ್, 150 ಮಿಲಿಮೋಲಾರ್ ಉಪ್ಪು, 1 ಮಿಲಿಮೋಲಾರ್ ಇಡಿಟಿಎ, 5 ಮಿಲಿಮೋಲಾರ್ ಡಿಟಿಟಿ, ಶೇ. 10 ಗ್ಲಿಸರಾಲ್.

ಡಿಒ-1 ಆಂಟಿಬಾಡಿ ಹಾಕಿದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಗಟ್ಟಿ ಬ್ಯಾಂಡ್. ಆದರೆ ಪಿ21 ಜೀನ್‌ನ ಪಿ53 ಸೈಟ್ ಇರುವ ಫ್ಲೋರೊಸೆಂಟ್ ಡಿಎನ್ಎ ಪ್ರೋಬ್ ಇಟ್ಟು ಜೆಲ್ ಶಿಫ್ಟ್ (ಪ್ರೋಟೀನು ಹಿಡಿದ ಡಿಎನ್ಎ ಜೆಲ್‌ನಲ್ಲಿ ನಿಧಾನಕ್ಕೆ ಓಡುತ್ತಾ ಅಂತ ನೋಡುವ ಪರೀಕ್ಷೆ) ಮಾಡಿದರೆ ಪ್ರೋಬ್ ಹಾಗೇ ಕೆಳಗೆ ಓಡಿಹೋಗುತ್ತೆ. ಪ್ರೋಟೀನು ಜಾಸ್ತಿ ಹಾಕಿದರೆ ಬಾವಿಯಲ್ಲೇ ಒಂದಿಷ್ಟು ಹೊಳಪು ನಿಲ್ಲುತ್ತೆ, ಅಷ್ಟೇ.

ಇನ್ನೊಂದು ಭಯ: ಲೆಕ್ಕದ ತೂಕ 44 ಕಿಲೋಡಾಲ್ಟನ್ ಆಸುಪಾಸು, ಜೆಲ್‌ನಲ್ಲಿ ಬರುವುದು 53ರ ಹತ್ತಿರ. ಕ್ಲೋನೇ ತಪ್ಪಾ?

ಕಾಲಂ_ಕೆಲಸ:
ತೂಕದ ಚಿಂತೆ ಬಿಡಿ. 1979ರಲ್ಲಿ ಈ ಪ್ರೋಟೀನನ್ನು ಗುರುತಿಸಿದಾಗ ಜೆಲ್‌ನಲ್ಲಿ ಅದು ಕಂಡದ್ದೇ 53ರ ಹತ್ತಿರ, ಹೆಸರು ಬಂದದ್ದು ಅದರಿಂದಲೇ. ನಿಜವಾದ ತೂಕ 43.7. ಪ್ರೋಲಿನ್ ಹೆಚ್ಚಿರುವ ಭಾಗ ಇರುವುದರಿಂದ ಎಸ್‌ಡಿಎಸ್ ಜೆಲ್‌ನಲ್ಲಿ ನಿಧಾನಕ್ಕೆ ಓಡುತ್ತೆ. ನಿಮ್ಮ ಕ್ಲೋನ್ ಸರಿಯಾಗಿರುವಂತೆಯೇ ಕಾಣುತ್ತೆ.

ಶಿಫ್ಟ್ ಬರದಿದ್ದರೆ ಕೀಟಕೋಶದಲ್ಲಿ ಮಾಡಿದ ರೆಡಿ ಪ್ರೋಟೀನನ್ನೇ ತರಿಸಿಕೊಳ್ಳಬಹುದಲ್ವಾ?

ತಣ್ಣನೆ_ಕೋಣೆ:
ತರಿಸಬಹುದು, ಆದರೆ ಡೇಟಾಶೀಟಿನಲ್ಲಿ ಡಿಎನ್ಎ ಹಿಡಿಯುವ ಪರೀಕ್ಷೆ ಮಾಡಿದ್ದಾರಾ ನೋಡಿಯೇ ತರಿಸಿ. ಬ್ಲಾಟ್‌ಗೆ ಕಂಟ್ರೋಲ್ ಆಗಿ ಇಡಲಿಕ್ಕೆಂದೇ ಮಾರುವ ಪ್ರೋಟೀನು ಮಡಿಕೆ (ಮಡಿಸಿಕೊಂಡ ಸರಿಯಾದ ಆಕಾರ) ಕಳೆದುಕೊಂಡಿದ್ದರೂ ಅಲ್ಲಿ ಕೆಲಸ ನಡೆಯುತ್ತೆ. ಇವರ ತೊಂದರೆಯೂ ಅದೇ.

ಮೊಗ್ಗು ಅವರೇ, ಡಿಒ-1 ಹಿಡಿಯುವುದು 20ರಿಂದ 25ನೇ ಅಮೈನೋ ಆಮ್ಲಗಳನ್ನು, ಅಂದರೆ ಎನ್-ತುದಿಯ ಸಡಿಲ ಬಾಲವನ್ನು. ಡಿಎನ್ಎ ಹಿಡಿಯುವ ಭಾಗವಿರುವುದು ಸುಮಾರು 94ರಿಂದ 292ರವರೆಗೆ. ಅದು ಪೂರಾ ಬಿಚ್ಚಿಕೊಂಡಿದ್ದರೂ ಡಿಒ-1 ಬ್ಯಾಂಡ್ ಕೊಟ್ಟೇ ಕೊಡುತ್ತೆ. ಪ್ರೋಟೀನು ಇದೆ ಅಂತ ನಿಮ್ಮ ಬ್ಲಾಟ್ ಹೇಳಿದೆ, ಸರಿಯಾಗಿ ಮಡಿಸಿಕೊಂಡಿದೆ ಅಂತ ಹೇಳಿಲ್ಲ.

ಆ ಭಾಗದ ಮಡಿಕೆ ನಿಂತಿರುವುದು ಒಂದು ಜಿಂಕ್ ಅಯಾನಿನ ಮೇಲೆ. ಸಿಸ್ಟೀನ್ 176, ಹಿಸ್ಟಿಡಿನ್ 179, ಸಿಸ್ಟೀನ್ 238, ಸಿಸ್ಟೀನ್ 242, ಈ ನಾಲ್ಕು ಸೇರಿ ಅದನ್ನು ಹಿಡಿದುಕೊಂಡಿವೆ. ಕ್ಯಾನ್ಸರ್‌ಗಳಲ್ಲಿ ಮತ್ತೆ ಮತ್ತೆ ಸಿಗುವ ಆರ್175ಹೆಚ್ (175ನೇ ಆರ್ಜಿನಿನ್ ಜಾಗಕ್ಕೆ ಹಿಸ್ಟಿಡಿನ್ ಬರುವ) ಬದಲಾವಣೆ ಕೆಡಿಸುವುದೂ ಇದೇ ಜಾಗವನ್ನು. ನೀವು ಡಯಾಲಿಸಿಸ್‌ಗೆ ಇಡಿಟಿಎ ಹಾಕಿ ಜಿಂಕನ್ನು ಕಿತ್ತುಕೊಳ್ಳುವವರನ್ನು ರಾತ್ರಿಯಿಡೀ ಪಕ್ಕದಲ್ಲೇ ಕೂರಿಸಿದ್ದೀರಿ.

ಅದಕ್ಕೂ ಮುಂಚೆ 37 ಡಿಗ್ರಿಯಲ್ಲೇ ಕೆಟ್ಟಿರುತ್ತೆ. ಈ ಭಾಗದ ಮಡಿಕೆ ಬಿಚ್ಚಿಕೊಳ್ಳುವ ಉಷ್ಣತೆಯೇ 44-45 ಡಿಗ್ರಿ. ಶುದ್ಧ ಪ್ರೋಟೀನಾಗಿ 37ರಲ್ಲಿ ಇಟ್ಟರೆ ನಿಮಿಷಗಳಲ್ಲಿ ಬಿಚ್ಚಿಕೊಳ್ಳತೊಡಗುತ್ತೆ. ಬಾವಿಯಲ್ಲಿ ನಿಂತ ಹೊಳಪು ಬಹುಶಃ ಹೀಗೆ ಗಂಟುಗಟ್ಟಿದ್ದೇ.

ಹೊಸ ಬ್ಯಾಚ್ ಹೀಗೆ ಮಾಡಿ. ಕಲ್ಚರಿನ ಸಾಂದ್ರತೆ (ಒಡಿ600) 0.6ಕ್ಕೆ ಬಂದಾಗ ಫ್ಲಾಸ್ಕನ್ನು ಐಸ್ ನೀರಲ್ಲಿಟ್ಟು ತಣಿಸಿ, ಐಪಿಟಿಜಿ 0.2 ಮಿಲಿಮೋಲಾರ್‌ಗೆ ಇಳಿಸಿ, ಜೊತೆಗೇ 50ರಿಂದ 100 ಮೈಕ್ರೋಮೋಲಾರ್ ಜಿಂಕ್ ಕ್ಲೋರೈಡ್ ಹಾಕಿ, 18 ಡಿಗ್ರಿಯಲ್ಲಿ ರಾತ್ರಿ ಬಿಡಿ. ಫಾಸ್ಫೇಟ್ ಬಫರ್ ಬೇಡ, ಜಿಂಕ್ ಫಾಸ್ಫೇಟಾಗಿ ಕೆಳಗೆ ಕೂರುತ್ತೆ. ಪ್ರೋಟಿಯೇಸ್ ತಡೆಯುವ ಮಾತ್ರೆಯೂ ಇಡಿಟಿಎ ಇಲ್ಲದ್ದೇ ಇರಲಿ. ಇಡಿಟಿಎ ಸೇರಿದರೆ ನಿಕಲ್ ಕಾಲಂನ ತಿಳಿನೀಲಿ ಬಣ್ಣ ಹೋಗಿ ರೆಸಿನ್ ಬೆಳ್ಳಗಾಗುತ್ತೆ, ಕಣ್ಣಿಗೇ ಕಾಣುತ್ತೆ. ಸಿಸ್ಟೀನ್‌ಗಳಿಗೆ ರೆಡ್ಯೂಸಿಂಗ್ ವಾತಾವರಣ ಬೇಕೇ ಬೇಕು, ಆದರೆ ಡಿಟಿಟಿ ತಾನೂ ಜಿಂಕನ್ನು ಹಿಡಿಯುತ್ತೆ, ಅದೇ ಕೆಲಸ ಮಾಡುವ ಟಿಸಿಇಪಿ ಮೇಲು.

ಜೆಲ್ ಯಾವ ಬಫರ್‌ನಲ್ಲಿ ಓಡಿಸಿದ್ದು?

ಮೊಗ್ಗು_21:
ಅರ್ಧ ಸಾಂದ್ರತೆಯ ಟಿಬಿಇ (ಟ್ರಿಸ್-ಬೋರೇಟ್-ಇಡಿಟಿಎ) ಸರ್, ರೂಮ್ ಟೆಂಪರೇಚರ್‌ನಲ್ಲಿ. ಹಳೇ ಸ್ಟಾಕ್‌ಗೆ ಈಗಲೇ ಜಿಂಕ್ ಹಾಕಿದರೆ ಉಳಿಯುತ್ತಾ? ಒಂದೂವರೆ ಮಿಲಿಗ್ರಾಂ ಇದೆ, ಬಿಸಾಕಲು ಮನಸ್ಸಾಗುತ್ತಿಲ್ಲ.

ತಣ್ಣನೆ_ಕೋಣೆ:
ನಿಮ್ಮ ಸಂಕಟ ಗೊತ್ತಾಗುತ್ತೆ, ಆದರೂ ಅದು ಉಳಿಯುವ ಆಸೆ ಇಟ್ಟುಕೊಳ್ಳಬೇಡಿ. ಗಂಟುಗಟ್ಟಿದ್ದು ಜಿಂಕ್ ಕಂಡು ಬಿಡಿಸಿಕೊಳ್ಳಲ್ಲ, ಜಿಂಕ್ ಅತಿಯಾದರೆ ತಪ್ಪು ಜಾಗಕ್ಕೆ ಕೂತು ಇನ್ನೂ ಕೆಡಿಸುತ್ತೆ. ಬ್ಲಾಟ್ ಕಂಟ್ರೋಲ್‌ಗೆ ಇಟ್ಟುಕೊಳ್ಳಿ.

ಅರ್ಧ ಟಿಬಿಇಯಲ್ಲೂ 1 ಮಿಲಿಮೋಲಾರ್ ಇಡಿಟಿಎ ಇರುತ್ತೆ. ಅದರಲ್ಲೇ ಶಿಫ್ಟ್ ಕಂಡವರಿದ್ದಾರೆ, ಹಾಗಾಗಿ ತಪ್ಪೆಲ್ಲ ಅದರದ್ದು ಅನ್ನಲಾರೆ. ಆದರೂ ಕಾರಣ ಹುಡುಕುವಾಗ ಅನುಮಾನದ್ದನ್ನೆಲ್ಲ ತೆಗೆದಿಡಬೇಕು. ಟ್ರಿಸ್-ಗ್ಲೈಸಿನ್‌ನಲ್ಲಿ, 4 ಡಿಗ್ರಿಯಲ್ಲಿ ಓಡಿಸಿ. ಮಡಿಕೆ ನೋಡಲು ಎರಡು ಆಂಟಿಬಾಡಿಯಿಂದ ಇಮ್ಯುನೋಪ್ರೆಸಿಪಿಟೇಶನ್ (ದ್ರಾವಣದಿಂದ ಪ್ರೋಟೀನನ್ನು ಆಂಟಿಬಾಡಿಯಿಂದ ಎಳೆದುಕೊಳ್ಳುವುದು) ಮಾಡಿ: ಪಿಎಬಿ1620 ಮಡಿಸಿದ್ದನ್ನು ಹಿಡಿಯುತ್ತೆ, ಪಿಎಬಿ240 ಬಿಚ್ಚಿಕೊಂಡದ್ದನ್ನು. ಬ್ಲಾಟ್‌ನಲ್ಲಿ ಇದು ಆಗಲ್ಲ, ಅಲ್ಲಿ ಎಲ್ಲವೂ ಬಿಚ್ಚಿಯೇ ಇರುತ್ತೆ.

ಮೊಗ್ಗು_21 (ಹನ್ನೆರಡು ದಿನದ ನಂತರ):
ಸರ್, ಬಂತು! ನಿನ್ನೆ ರಾತ್ರಿ ಒಂಬತ್ತೂವರೆಗೆ ಸ್ಕ್ಯಾನರ್ ಪರದೆ ಮೇಲೆ ಅರ್ಧ ಜೆಲ್ ಮೇಲಕ್ಕೆ ಒಂದು ಸಪೂರ ಗೆರೆ, ಪ್ರೋಟೀನು ಹೆಚ್ಚಿಸಿದಂತೆ ದಪ್ಪವಾಗುತ್ತಾ ಹೋಗುತ್ತಿತ್ತು. ಲೇಬಲ್ ಇಲ್ಲದ ಅದೇ ಪ್ರೋಬನ್ನು ನೂರು ಪಟ್ಟು ಹಾಕಿದಾಗ ಗೆರೆ ಹೋಯ್ತು, ಸೈಟ್ ಕೆಡಿಸಿದ ಪ್ರೋಬ್ ಹಾಕಿದಾಗ ಹೋಗಲಿಲ್ಲ. ಹಳೇ ಸ್ಟಾಕನ್ನೂ ಅದೇ ಜೆಲ್‌ನಲ್ಲಿ ಓಡಿಸಿದೆ, ಇಡಿಟಿಎ ಇಲ್ಲದಿದ್ದರೂ ಏನೂ ಇಲ್ಲ. ಅಂದರೆ ಜೆಲ್ ಬಫರ್ ಅಲ್ಲ, ಪ್ರೋಟೀನೇ ಕೆಟ್ಟಿತ್ತು. 1620 ಹೊಸದನ್ನು ಚೆನ್ನಾಗಿ ಎಳೆಯಿತು, ಹಳೆಯದನ್ನು 240 ಎಳೆಯಿತು.

ಒಂದೇ ತೊಂದರೆ, ಮೂರು ಸಲ ಫ್ರೀಜರಿಗೆ ಇಟ್ಟು ತೆಗೆದ ಟ್ಯೂಬಿನಲ್ಲಿ ಗೆರೆ ಮಸುಕಾಗಿದೆ.

ಕಾಲಂ_ಕೆಲಸ:
ಓದಿ ಖುಷಿಯಾಯ್ತು. 10 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬುಗಳಿಗೆ ಹಂಚಿ, ದ್ರವ ಸಾರಜನಕದಲ್ಲಿ ಅದ್ದಿ ಮೈನಸ್ 80ಕ್ಕೆ ಇಡಿ. ತೆಗೆದ ಟ್ಯೂಬನ್ನು ಐಸ್ ಮೇಲೆ ಕರಗಿಸಿ ಅವತ್ತೇ ಬಳಸಿ, ವಾಪಸ್ ಇಡಬೇಡಿ.

ಮೊಗ್ಗು_21:
ಇವತ್ತೇ ನಲವತ್ತು ಟ್ಯೂಬ್ ಮಾಡಿಟ್ಟೆ. ಸೋಮವಾರ ಆರ್175ಹೆಚ್ ಕ್ಲೋನನ್ನೂ ಇದೇ ಜಿಂಕ್, ಇದೇ 18 ಡಿಗ್ರಿಯಲ್ಲಿ ಬೆಳೆಸುತ್ತೇನೆ, ಪಕ್ಕಪಕ್ಕದ ಲೇನ್‌ಗಳಲ್ಲಿ ಎರಡನ್ನೂ ನೋಡಬೇಕು. ಜೆಲ್ ಚಿತ್ರ ಇಲ್ಲೇ ಹಾಕ್ತೀನಿ.